‘ನಮ್ಮ ಕೈಲಿಲ್ಲ ಬಿಡಿ’ ಅನ್ನುವ ಮೊದಲು

ಆಫೀಸಿನಲ್ಲಿ ಒಬ್ಬ ಹುಡುಗ ತಿಂಗಳುಗಟ್ಟಲೆ ಕೂತು ಒಂದು ವರದಿ ಸಿದ್ಧಮಾಡಿದ್ದ. ಅದನ್ನು ಮೇಲಿನವರ ಮುಂದೆ ಇಡುವ ದಿನ ಬಂದಾಗ ಇನ್ನೊಬ್ಬರು ಎದ್ದು ನಿಂತು, ಎಲ್ಲ ತಾವೇ ಮಾಡಿದ್ದು ಅನ್ನುವ ಹಾಗೆ ಮಾತಾಡಿದರು. ಹುಡುಗನ ಹೆಸರು ಬರಲೇ ಇಲ್ಲ. ಮೀಟಿಂಗ್ ಮುಗಿದ ಮೇಲೆ ಅವನು ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದ. ಪಕ್ಕದ ಸೀಟಿನ ಹಿರಿಯರೊಬ್ಬರು, ಒಳ್ಳೆಯ ಮನುಷ್ಯರೇ, ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: ‘ನೋಡಪ್ಪ, ಬೇರೆಯವರು ಏನು ಮಾಡ್ತಾರೆ ಅನ್ನೋದು ನಮ್ಮ ಕೈಲಿಲ್ಲ. ಕೈಲಿಲ್ಲದ್ದಕ್ಕೆ ತಲೆ ಕೆಡಿಸ್ಕೋಬಾರದು. ಸ್ಟೋಯಿಸಿಸಂ ಅಂದ್ರೆ ಇದೇ.’ ಹುಡುಗ ‘ಸರಿ ಸರ್’ ಅಂದ. ಅಲ್ಲಿಗೆ ಮಾತು ಮುಗಿಯಿತು.

ನನಗೆ ಮುಗಿಯಲಿಲ್ಲ. ಹಿರಿಯರು ಹೇಳಿದ್ದು ತಪ್ಪು ಅಂತ ಥಟ್ಟನೆ ಹೇಳುವ ಹಾಗೂ ಇಲ್ಲ. ಸ್ಟೋಯಿಸಿಸಂ ಅನ್ನುವುದು ಹಳೆಯ ಗ್ರೀಸ್, ರೋಮಿನ ಒಂದು ತತ್ವಚಿಂತನೆ, ಎಪಿಕ್ಟೀಟಸ್ ಅದರ ಗುರುಗಳಲ್ಲೊಬ್ಬ. ಎಪಿಕ್ಟೀಟಸ್‌ನ ಕೈಪಿಡಿ ಶುರುವಾಗುವುದೇ ಆ ಮಾತಿನಿಂದ. ಕೆಲವು ನಮ್ಮ ಕೈಲಿವೆ, ಕೆಲವು ಇಲ್ಲ. ಆದರೂ ಆವತ್ತು ಆ ಮಾತು ಹುಡುಗನ ಬಾಯಿ ಮುಚ್ಚಿಸಿತೇ ಹೊರತು ಅವನಿಗೆ ಸಮಾಧಾನ ತಂದ ಹಾಗೆ ಕಾಣಲಿಲ್ಲ. ಈಚೆಗೆ ಇದನ್ನು ಎಲ್ಲೆಲ್ಲೂ ಕೇಳುತ್ತಿದ್ದೇನೆ. ಕೆಲಸ ಕಳೆದುಕೊಂಡವರಿಗೆ, ಸಂಬಂಧ ಮುರಿದುಕೊಂಡವರಿಗೆ, ಬೈಸಿಕೊಂಡವರಿಗೆ, ಎಲ್ಲರಿಗೂ ಒಂದೇ ಮದ್ದು. ‘ಸುಮ್ನಿರು’ ಅನ್ನುವ ಹಳೇ ಮಾತಿಗೇ ಗ್ರೀಕ್ ಅಂಗಿ ತೊಡಿಸಿದ ಹಾಗಿದೆ.

ಎಪಿಕ್ಟೀಟಸ್ ಕೊಟ್ಟ ಪಟ್ಟಿಯನ್ನೇ ನೋಡಿ. ನಮ್ಮ ಕೈಲಿ ಇಲ್ಲದ್ದು ನಮ್ಮ ಮೈ, ಆಸ್ತಿ, ಜನ ನಮ್ಮ ಬಗ್ಗೆ ಇಟ್ಟುಕೊಂಡ ಅಭಿಪ್ರಾಯ, ಅಧಿಕಾರ. ಕೈಲಿ ಇರುವುದು ನಾವು ಏನಂದುಕೊಳ್ಳುತ್ತೇವೆ, ಯಾವುದನ್ನು ಮಾಡಲು ಮುಂದಾಗುತ್ತೇವೆ, ಏನನ್ನು ಬಯಸುತ್ತೇವೆ, ಯಾವುದನ್ನು ಬೇಡ ಅನ್ನುತ್ತೇವೆ. ಹಾಗಾದರೆ ಹುಡುಗನಿಗೆ ಸಿಗಬೇಕಾದ ಹೆಸರು ಅವನ ಕೈಲಿಲ್ಲ, ನಿಜ. ಆದರೆ ಎದ್ದು ನಿಂತು ‘ಈ ಲೆಕ್ಕ ನಾನು ಮಾಡಿದ್ದು, ಪ್ರಶ್ನೆ ಇದ್ದರೆ ನಾನೇ ಉತ್ತರಿಸ್ತೇನೆ’ ಅನ್ನುವುದು? ಅದು ಪೂರ್ತಿ ಅವನದೇ. ಪಟ್ಟಿಯ ಒಂದು ಭಾಗವನ್ನಷ್ಟೇ ಓದಿದರೆ ಅದು ಕೈಚೆಲ್ಲಿ ಕೂರುವುದಕ್ಕೆ ನೆಪವಾಗಿಬಿಡುತ್ತದೆ.

ನೀನು ನಿನ್ನ ಕೆಲಸ ಮಾಡು

ಎಪಿಕ್ಟೀಟಸ್ ಸ್ವತಃ ಗುಲಾಮನಾಗಿದ್ದವನು, ಕಾಲು ಕುಂಟು. ಬಿಡುಗಡೆಯಾದ ಮೇಲೆ ರೋಮಿನಲ್ಲಿ ಪಾಠ ಹೇಳುತ್ತಿದ್ದ. ಚಕ್ರವರ್ತಿ ಡೊಮಿಷಿಯನ್ ತತ್ವಜ್ಞಾನಿಗಳನ್ನು ಊರು ಬಿಡಿಸಿದಾಗ ಗ್ರೀಸಿನ ನಿಕೋಪೊಲಿಸ್‌ಗೆ ಹೋಗಿ ಅಲ್ಲಿ ಶಾಲೆ ತೆರೆದ. ತಾನಾಗಿ ಒಂದು ಸಾಲೂ ಬರೆದಿಟ್ಟವನಲ್ಲ. ಈಗ ನಮಗೆ ಸಿಗುವುದೆಲ್ಲ ಅವನ ಶಿಷ್ಯ ಅರಿಯನ್ ಬರೆದುಕೊಂಡದ್ದು. ಅದರಲ್ಲಿ ಹೆಲ್ವಿಡಿಯಸ್ ಪ್ರಿಸ್ಕಸ್ ಅನ್ನುವ ಸೆನೆಟರ್‌ನ ಪ್ರಸಂಗ ಒಂದು ಬರುತ್ತದೆ.

ಚಕ್ರವರ್ತಿ ವೆಸ್ಪಾಸಿಯನ್ ಹೆಲ್ವಿಡಿಯಸ್‌ಗೆ ಸಭೆಗೆ ಬರಬೇಡ ಎಂದು ಹೇಳಿ ಕಳಿಸುತ್ತಾನೆ. ಇವನು ಹೇಳುತ್ತಾನೆ: ನನ್ನನ್ನು ಸದಸ್ಯತ್ವದಿಂದ ತೆಗೆಯುವುದು ನಿನ್ನ ಕೈಲಿದೆ, ತೆಗೆಯುವವರೆಗೆ ನಾನು ಬರಲೇಬೇಕು. ಸರಿ, ಬಾ, ಆದರೆ ಬಾಯಿ ಮುಚ್ಚಿಕೊಂಡಿರು, ಅನ್ನುತ್ತಾನೆ ಚಕ್ರವರ್ತಿ. ನನ್ನ ಅಭಿಪ್ರಾಯ ಕೇಳಬೇಡ, ಸುಮ್ಮನಿರುತ್ತೇನೆ, ಅನ್ನುತ್ತಾನೆ ಇವನು. ಆದರೆ ನಾನು ಕೇಳಲೇಬೇಕಲ್ಲ! ಹಾಗಾದರೆ ನನಗೆ ಸರಿ ಕಂಡದ್ದನ್ನು ನಾನು ಹೇಳಲೇಬೇಕಲ್ಲ. ಹೇಳಿದರೆ ಕೊಲ್ಲಿಸುತ್ತೇನೆ. ನಾನೇನು ಸಾವಿಲ್ಲದವನು ಅಂತ ನಿನಗೆ ಯಾವಾಗಲಾದರೂ ಹೇಳಿದ್ದೆನಾ? ನೀನು ನಿನ್ನ ಕೆಲಸ ಮಾಡು, ನಾನು ನನ್ನದು ಮಾಡುತ್ತೇನೆ. ಕೊಲ್ಲುವುದು ನಿನ್ನದು, ನಡುಗದೆ ಸಾಯುವುದು ನನ್ನದು.

ಹೆಲ್ವಿಡಿಯಸ್‌ನನ್ನು ಮೊದಲು ಗಡೀಪಾರು ಮಾಡಿದರು, ಆಮೇಲೆ ಕೊಲ್ಲಿಸಿಯೂಬಿಟ್ಟರು. ಇಲ್ಲಿ ‘ನಮ್ಮ ಕೈಲಿರುವುದು, ಇಲ್ಲದ್ದು’ ಅನ್ನುವ ಗೆರೆ ಎಳೆದಿರುವುದು ಬಾಯಿ ಮುಚ್ಚಿಕೊಳ್ಳುವುದಕ್ಕಲ್ಲ, ತೆರೆಯುವುದಕ್ಕೆ. ಮುಂದೇನಾಗುತ್ತದೋ ಅದು ಅವರ ಪಾಲು ಅಂತ ಬಿಟ್ಟುಕೊಟ್ಟದ್ದರಿಂದಲೇ ತನ್ನ ಪಾಲಿನದನ್ನು ಹೇಳುವ ಧೈರ್ಯ ಬಂತು. ಆಫೀಸಿನ ಮೀಟಿಂಗಿನಲ್ಲಿ ಯಾರೂ ಯಾರ ತಲೆ ತೆಗೆಯುವುದಿಲ್ಲ. ನಮಗೆ ಇರುವ ಭಯ ಅದಕ್ಕಿಂತ ಎಷ್ಟೋ ಸಣ್ಣದು, ಆದರೂ ಬಾಯಿ ಬರುವುದಿಲ್ಲ, ಅಲ್ವಾ?

ಮೇಲಿನ ಮನೆಯ ಡ್ರಿಲ್

ಹಿಂದೆ ನಾವಿದ್ದ ಮನೆಯ ಮೇಲಿನವರು ಒಮ್ಮೆ ನೆಲದ ಟೈಲ್ಸ್ ಒಡೆಸಲು ಶುರುಮಾಡಿದರು. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನಗಳವು. ಡ್ರಿಲ್ ಶುರುವಾದರೆ ಮೇಜಿನ ಮೇಲಿನ ಲೋಟದ ನೀರು ನಡುಗುತ್ತಿತ್ತು. ಶಬ್ದ ಕಿವಿಗೆ ಬರುವ ಮೊದಲು ಮೊಣಕೈಗೆ ಬರುತ್ತಿತ್ತು. ಅದಕ್ಕಿಂತ ಕಷ್ಟ ಅಂದರೆ ನಡುನಡುವೆ ಅದು ನಿಲ್ಲುತ್ತಿದ್ದದ್ದು. ನಿಂತ ಕೂಡಲೇ ಹೆಗಲು ಬಿಗಿಹಿಡಿದು ಕಾಯುತ್ತಾ ಕೂರಬೇಕು. ಮುಗೀತೇನೋ ಅಂದುಕೊಂಡು ಒಂದು ಸಾಲು ಬರೆಯುವಷ್ಟರಲ್ಲಿ ಮತ್ತೆ ಗರ್ರ್. ತಲೆಯೊಳಗೆ ಆಗ ಇನ್ನೊಂದು ಯಂತ್ರ ಓಡುತ್ತಿತ್ತು. ಕೆಳಗೆ ಮನುಷ್ಯರಿದ್ದಾರೆ ಅನ್ನೋ ಜ್ಞಾನ ಬೇಡವಾ ಇವರಿಗೆ? ದುಡ್ಡಿದ್ದರೆ ಸಾಕಾ? ಬೇಕಂತಲೇ ಮಾಡ್ತಾರೆ. ನಾನು ಮುಖ್ಯ ಕೆಲಸಕ್ಕೆ ಕೂತಾಗಲೇ ಶುರು.

ಆ ವಾರದಲ್ಲೇ ರೋಮಿನ ಸ್ಟೋಯಿಕ್ ಲೇಖಕ ಸೆನೆಕಾ ಬರೆದ ಒಂದು ಪತ್ರ ನೆನಪಾಗಿ ಮತ್ತೆ ತೆಗೆದು ಓದಿದೆ. ತನ್ನ ಗೆಳೆಯ ಲುಸಿಲಿಯಸ್‌ಗೆ ಅವನು ಬರೆದ 124 ಪತ್ರಗಳಲ್ಲಿ 56ನೆಯದು. ಸೆನೆಕಾ ಒಂದು ಸಾರ್ವಜನಿಕ ಸ್ನಾನಗೃಹದ ಮೇಲಿನ ಕೋಣೆಯಲ್ಲಿ ಇಳಿದುಕೊಂಡಿದ್ದಾನೆ. ಸುತ್ತಲಿನ ಗಲಾಟೆಯನ್ನು ಎಷ್ಟು ರುಚಿಕಟ್ಟಾಗಿ ಪಟ್ಟಿಮಾಡುತ್ತಾನೆ ಅಂದರೆ, ಪಾಪ, ಒಂದನ್ನೂ ಬಿಡದೆ ಕೇಳಿಸಿಕೊಂಡಿದ್ದಾನೆ ಅನ್ನುವುದು ಗೊತ್ತಾಗುತ್ತದೆ. ಭಾರ ಎತ್ತುವವರ ಏದುಸಿರು. ಮೈ ತಿಕ್ಕುವವನ ಅಂಗೈ ಚಪ್ಪಟೆಯಾಗಿ ಬಿದ್ದರೆ ಒಂದು ಸದ್ದು, ಗುಳಿಯಾಗಿ ಬಿದ್ದರೆ ಇನ್ನೊಂದು. ಚೆಂಡಾಟದ ಲೆಕ್ಕ ಕೂಗುವವನು. ಗಿರಾಕಿಯ ಕಂಕುಳ ಕೂದಲು ಕೀಳುವವನಂತೂ ಕೂಗು ನಿಲ್ಲಿಸುವುದೇ ಗಿರಾಕಿ ನೋವಿಗೆ ಕೂಗತೊಡಗಿದಾಗ. ಇದೆಲ್ಲ ನನ್ನನ್ನು ಅಲುಗಿಸುವುದಿಲ್ಲ, ಒಳಗೆ ಗದ್ದಲ ಇಲ್ಲದಿದ್ದರೆ ಹೊರಗಿನ ಗದ್ದಲ ಏನೂ ಮಾಡದು ಅಂತ ಪುಟಗಟ್ಟಲೆ ಹೇಳುತ್ತಾನೆ. ಒಂದೇ ಸಮ ಬರುವ ಸದ್ದಿಗಿಂತ ಬಿಟ್ಟುಬಿಟ್ಟು ಬರುವ ಸದ್ದೇ ಹೆಚ್ಚು ಕಾಡುತ್ತದೆ ಅನ್ನುವುದನ್ನೂ ಗುರುತಿಸುತ್ತಾನೆ. ಡ್ರಿಲ್ ಕೇಳಿದವರೆಲ್ಲ ಇದಕ್ಕೆ ಸಾಕ್ಷಿ ಹೇಳುತ್ತಾರೆ. ಆಮೇಲೆ ಪತ್ರದ ಕೊನೆಯಲ್ಲಿ, ಏನೂ ಆಗಿಲ್ಲವೆಂಬಂತೆ, ಹೌದಪ್ಪ, ಆದರೂ ಸದ್ದಿಲ್ಲದ ಕಡೆ ಇರುವುದೇ ಸುಖ ಅಲ್ವಾ, ಅದಕ್ಕೇ ನಾನಿಲ್ಲಿಂದ ಹೊರಟೆ, ನನ್ನನ್ನು ನಾನು ಪರೀಕ್ಷಿಸಿಕೊಳ್ಳಬೇಕಿತ್ತು ಅಷ್ಟೇ, ಅನ್ನುತ್ತಾನೆ!

ಮೊದಲ ಸಲ ಓದಿದಾಗ ನಕ್ಕಿದ್ದೆ. ಈ ಸಲ ಅದು ತಮಾಷೆ ಅನ್ನಿಸಲಿಲ್ಲ. ಹಲ್ಲು ಕಚ್ಚಿಕೊಂಡು ಅಲ್ಲೇ ಕೂತಿರಬೇಕು ಅಂತ ಸ್ಟೋಯಿಕರಲ್ಲಿ ಯಾರೂ ಹೇಳಿಲ್ಲ. ಸ್ಟೋಯಿಕನೂ ಆಗಿದ್ದ ರೋಮನ್ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಇದನ್ನೇ ತನ್ನ ಟಿಪ್ಪಣಿಗಳಲ್ಲಿ ಇನ್ನೂ ಚುಟುಕಾಗಿ ಬರೆದುಕೊಂಡಿದ್ದಾನೆ. ಸೌತೆಕಾಯಿ ಕಹಿಯಾ? ಎಸೆ. ದಾರಿಯಲ್ಲಿ ಮುಳ್ಳಿದೆಯಾ? ಸುತ್ತಿ ಹೋಗು. ಅಷ್ಟು ಸಾಕು. ‘ಇಂಥವೆಲ್ಲ ಲೋಕದಲ್ಲಿ ಯಾಕಾದರೂ ಇವೆ’ ಅಂತ ಅದರ ಮೇಲೊಂದು ಸೇರಿಸಬೇಡ. ಎಸೆಯಬೇಡ, ಸುತ್ತಿ ಹೋಗಬೇಡ ಅಂತ ಅವನು ಹೇಳುವುದಿಲ್ಲ. ಬೇಡ ಅನ್ನುವುದು ಆ ಗೊಣಗಾಟವನ್ನು ಮಾತ್ರ.

ಮೇಲೆ ಹೋದೆ. ಬಾಗಿಲು ತೆರೆದೇ ಇತ್ತು. ಕೆಲಸದವನ ತಲೆ, ಹುಬ್ಬು, ರೆಪ್ಪೆ ಎಲ್ಲ ಸಿಮೆಂಟ್ ಧೂಳು. ನಾನು ಮಾತಾಡಿದ್ದು ಅವನಿಗೆ ಕೇಳಿಸಲಿಲ್ಲ. ಡ್ರಿಲ್ ಕೆಳಗಿಟ್ಟು, ಕಿವಿಯಿಂದ ಹತ್ತಿ ತೆಗೆದು ‘ಏನ್ ಸಾರ್?’ ಅಂದ. ಆ ಹತ್ತಿಯನ್ನು ನೋಡಿದ ಮೇಲೆ ‘ಬೇಕಂತಲೇ ಮಾಡ್ತಾರೆ’ ಅನ್ನುವ ನನ್ನ ವಾದ ಅಲ್ಲೇ ಬಿದ್ದುಹೋಯಿತು. ಈ ಮನುಷ್ಯ ಅದೇ ಸದ್ದನ್ನು ದಿನವಿಡೀ ಕೈಯಳತೆಯಲ್ಲಿ ಕೇಳುತ್ತಿದ್ದಾನೆ. ಮನೆಯ ಯಜಮಾನರು ಒಳಗಿನಿಂದ ಬಂದರು. ಬೆಳಗ್ಗೆ ಹೊತ್ತು ನನಗೆ ಫೋನ್ ಮಾತುಕತೆ ಇರುತ್ತದೆ ಅಂದೆ. ‘ಮೊದಲೇ ಹೇಳಬಾರದಿತ್ತಾ ಸರ್? ಬೆಳಗ್ಗೆ ಅಂಟಿಸೋ ಕೆಲಸ ಇಟ್ಕೊಳ್ತೀವಿ, ಒಡೆಯೋದು ಮಧ್ಯಾಹ್ನ’ ಅಂದರು. ಸದ್ದೇನೂ ಕಡಿಮೆಯಾಗಲಿಲ್ಲ, ಹೊತ್ತು ಬದಲಾಯಿತು. ಸಿಟ್ಟಿನಲ್ಲಿ ಹತ್ತಿದ್ದರೆ ಇಷ್ಟೂ ಆಗುತ್ತಿರಲಿಲ್ಲ. ಕೈಲಿಲ್ಲ ಬಿಡು ಅಂತ ಕೆಳಗೇ ಕೂತಿದ್ದರೂ ಆಗುತ್ತಿರಲಿಲ್ಲ.

ಬಿಳಿಚಿಕೊಂಡ ತತ್ವಜ್ಞಾನಿ

ಸ್ಟೋಯಿಕ್ ಅಂದರೆ ಕಲ್ಲಿನ ಹಾಗೆ ಇರುವವನು ಅನ್ನುವ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉತ್ತರ ಔಲಸ್ ಗೆಲ್ಲಿಯಸ್ ಅನ್ನುವ ರೋಮನ್ ಲೇಖಕ ಬರೆದಿಟ್ಟ ಹಡಗಿನ ಕಥೆ. ಎರಡನೇ ಶತಮಾನದ್ದು. ಅವನು ಬ್ರಂಡಿಸಿಯಂ ಬಂದರಿಗೆ ಹಡಗಿನಲ್ಲಿ ಹೋಗುತ್ತಿದ್ದಾಗ ರಾತ್ರಿಯೆಲ್ಲ ಬಿರುಗಾಳಿ. ಹಡಗಿನಲ್ಲಿ ಒಬ್ಬ ಹೆಸರಾಂತ ಸ್ಟೋಯಿಕ್ ತತ್ವಜ್ಞಾನಿಯೂ ಇದ್ದ. ಈ ಮನುಷ್ಯ ಹೇಗಿದ್ದಾನೆ ನೋಡೋಣ ಅಂತ ಗೆಲ್ಲಿಯಸ್‌ಗೆ ಕುತೂಹಲ. ನೋಡಿದರೆ ಅವನೂ ಎಲ್ಲರ ಹಾಗೆ ಬಿಳಿಚಿಕೊಂಡಿದ್ದ. ಅಳು, ಕೂಗಾಟ ಮಾತ್ರ ಇರಲಿಲ್ಲ.

ಸಮುದ್ರ ತಣ್ಣಗಾದ ಮೇಲೆ ಹಡಗಿನಲ್ಲಿದ್ದ ಒಬ್ಬ ಶ್ರೀಮಂತ ಬಂದು, ‘ಏನು ಸ್ವಾಮಿ, ನನಗೇ ಭಯ ಆಗಲಿಲ್ಲ, ತತ್ವಜ್ಞಾನಿ ನಿಮಗೆ ಆಯಿತಲ್ಲ?’ ಅಂತ ಕಿಚಾಯಿಸುತ್ತಾನೆ. ಅವನಿಗೆ ತಕ್ಕ ಉತ್ತರ ಕೊಟ್ಟು ಕಳಿಸಿದ್ದೂ ಆಗುತ್ತದೆ. ಆಮೇಲೆ ಗೆಲ್ಲಿಯಸ್ ಮೆಲ್ಲಗೆ ಹೋಗಿ ನಿಜವಾದ ಕಾರಣ ಕೇಳುತ್ತಾನೆ. ತತ್ವಜ್ಞಾನಿ ತನ್ನ ಚೀಲದಿಂದ ಎಪಿಕ್ಟೀಟಸ್‌ನ ಪಾಠಗಳ ಐದನೇ ಪುಸ್ತಕ ತೆಗೆದು ಕೊಡುತ್ತಾನೆ. ಅದರಲ್ಲಿದ್ದದ್ದರ ಸಾರ ಇಷ್ಟು: ದಿಢೀರನೆ ದೊಡ್ಡ ಸದ್ದು ಕೇಳಿದಾಗ, ಕೆಟ್ಟ ಸುದ್ದಿ ಬಂದಾಗ ಜ್ಞಾನಿಯ ಮೈಯೂ ನಡುಗುತ್ತದೆ, ಮುಖ ಬಿಳಿಚುತ್ತದೆ. ಅದು ಬುದ್ಧಿಗೂ ಮೊದಲು ಆಗಿಹೋಗುವಂಥದ್ದು. ‘ಹೌದು, ಇದು ಭಯಂಕರವಾದದ್ದೇ’ ಅಂತ ಒಳಗಿನಿಂದ ಒಪ್ಪಿಗೆ ಕೊಡುತ್ತೇವಲ್ಲ, ಜ್ಞಾನಿ ಅದನ್ನು ಮಾತ್ರ ಕೊಡುವುದಿಲ್ಲ. ಪಾಠಗಳಲ್ಲಿ ಈಗ ಉಳಿದಿರುವುದು ಮೊದಲ 4 ಪುಸ್ತಕಗಳು. ಐದನೆಯದು ಕಳೆದುಹೋಗಿದೆ. ಈ ಮಾತು ನಮ್ಮವರೆಗೆ ಬಂದದ್ದು ಒಬ್ಬ ತತ್ವಜ್ಞಾನಿ ಹಡಗಿನಲ್ಲಿ ಹೆದರಿದ್ದರಿಂದ!

ನಡುರಾತ್ರಿ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಬಾಸ್ ‘ಸ್ವಲ್ಪ ಮಾತಾಡಬೇಕಿತ್ತು’ ಅಂತಷ್ಟೇ ಮೆಸೇಜ್ ಹಾಕಿದರೆ ಹೊಟ್ಟೆಯೊಳಗೆ ಏನೋ ಜಾರುತ್ತದೆ. ಇಷ್ಟೆಲ್ಲ ಓದಿಯೂ ಹೀಗಾಗುತ್ತಲ್ಲ ಅಂತ ನೊಂದುಕೊಳ್ಳುವವರನ್ನು ಕಂಡಿದ್ದೇನೆ. ಆ ಧಸಕ್ಕೂ ನಮಗೂ ಜಗಳವೇ ಬೇಡ. ಅದು ಮೈಯದು. ಅದರ ಬೆನ್ನಿಗೇ ‘ಕೆಲಸ ಹೋಯಿತು’ ಅಂತ ಒಂದು ವಾಕ್ಯ ಬರುತ್ತದಲ್ಲ, ಅದು ನಮ್ಮದು.

ಎರಡನೇ ಸಾಲು

ನಾನು ದಿನಾ ಮಾಡಲು ಪ್ರಯತ್ನಿಸುವುದು ಇದೊಂದನ್ನೇ, ಉಳಿದದ್ದೆಲ್ಲ ಇದರ ಸುತ್ತಮುತ್ತ. ನಡೆದದ್ದು ಒಂದು ಸಾಲು. ಅದರ ಮೇಲೆ ನಾವು ಉಪ್ಪುಖಾರ ಹಚ್ಚಿದ್ದು ಎರಡನೇ ಸಾಲು. ಎಪಿಕ್ಟೀಟಸ್‌ನ ಉದಾಹರಣೆ ಎಷ್ಟು ಸರಳ ನೋಡಿ. ಒಬ್ಬ ಗಡಿಬಿಡಿಯಲ್ಲಿ ಸ್ನಾನ ಮಾಡುತ್ತಾನೆ. ‘ಕೆಟ್ಟದಾಗಿ ಸ್ನಾನ ಮಾಡಿದ’ ಅನ್ನಬೇಡ, ‘ಬೇಗ ಮಾಡಿದ’ ಅನ್ನು. ಒಬ್ಬ ಜಾಸ್ತಿ ಕುಡಿಯುತ್ತಾನೆ. ‘ಕೆಟ್ಟದಾಗಿ ಕುಡಿಯುತ್ತಾನೆ’ ಅನ್ನಬೇಡ, ‘ಜಾಸ್ತಿ ಕುಡಿಯುತ್ತಾನೆ’ ಅನ್ನು. ಅವನು ಯಾಕೆ ಹಾಗೆ ಮಾಡಿದ ಅಂತ ನಿನಗೆ ಹೇಗೆ ಗೊತ್ತು? ಮಾರ್ಕಸ್ ಕೂಡ ಇದನ್ನೇ ತನಗೆ ತಾನು ಹೇಳಿಕೊಂಡಿದ್ದಾನೆ. ಇಂಥವನು ನಿನ್ನ ಬಗ್ಗೆ ಕೆಟ್ಟದಾಗಿ ಮಾತಾಡಿದ ಅಂತ ಸುದ್ದಿ ಬಂತು. ಬಂದ ಸುದ್ದಿ ಅಷ್ಟೇ. ಅದರಿಂದ ನಿನಗೆ ಹಾನಿಯಾಯಿತು ಅಂತ ಸುದ್ದಿ ಬಂದಿಲ್ಲ.

ಹಾಗಾಗಿ ರಾತ್ರಿ ಮಲಗುವ ಮೊದಲು ನೋಟ್‌ಬುಕ್ಕಿನಲ್ಲಿ ಆವತ್ತು ಕುಟುಕಿದ ಒಂದೇ ಸಂಗತಿಯನ್ನು ಹೀಗೆ ಎರಡು ಸಾಲಾಗಿ ಬರೆಯುತ್ತೇನೆ. ಮೇಲೆ: ‘ಬೆಳಗ್ಗೆ ಗೆಳೆಯನಿಗೆ ಮೆಸೇಜ್ ಹಾಕಿದೆ, ನೋಡಿದ್ದಾನೆ, ಉತ್ತರ ಬಂದಿಲ್ಲ.’ ಕೆಳಗೆ: ‘ಈಗೀಗ ನಾನು ಅವನಿಗೆ ಬೇಡವಾಗಿದ್ದೇನೆ.’ ಬರೆದಾದ ಮೇಲೆ ಮೇಲಿನದು ಎಷ್ಟು ಚಿಕ್ಕದು, ಕೆಳಗಿನದು ಎಷ್ಟು ದೊಡ್ಡದು ಅನ್ನುವುದು ಕಣ್ಣಿಗೇ ಹೊಡೆಯುತ್ತದೆ. ಕೆಲವೊಮ್ಮೆ ಕೆಳಗಿನ ಸಾಲು ನಿಜವೇ ಇರಬಹುದು. ಆಗ ಕೇಳಿ ತಿಳಿದುಕೊಳ್ಳುವುದು ಬಾಕಿ ಇದೆ ಅಂತ ಅರ್ಥ. ಖಿನ್ನತೆಗೆ ಈಗ ಕೊಡುವ ಮಾತಿನ ಚಿಕಿತ್ಸೆಯಲ್ಲೂ ಹೆಚ್ಚುಕಮ್ಮಿ ಇಂಥದೇ ಬರವಣಿಗೆ ಮಾಡಿಸುತ್ತಾರೆ. ಆ ಚಿಕಿತ್ಸೆಯನ್ನು ಕಟ್ಟಿದ ಆಲ್ಬರ್ಟ್ ಎಲ್ಲಿಸ್ ಮತ್ತು ಆರನ್ ಬೆಕ್ ಇಬ್ಬರೂ ಸ್ಟೋಯಿಕರ ಋಣವನ್ನು ಒಪ್ಪಿಕೊಂಡಿದ್ದಾರೆ. ಹಾಗಂತ ಚಿಕಿತ್ಸೆ ಬೇಕಾದವರಿಗೆ ನೋಟ್‌ಬುಕ್ ಸಾಕು ಅಂತಲ್ಲ. ಅವರು ವೈದ್ಯರ ಹತ್ತಿರವೇ ಹೋಗಬೇಕು.

ರಾತ್ರಿ ಲೆಕ್ಕ ನೋಡುವ ಈ ಅಭ್ಯಾಸ ಸೆನೆಕಾನದು. ಸಿಟ್ಟಿನ ಬಗ್ಗೆ ಬರೆದ ಪುಸ್ತಕದಲ್ಲಿ ಅದನ್ನು ಹೇಳುತ್ತಾನೆ. ದೀಪ ಒಯ್ದ ಮೇಲೆ, ಅವನ ಅಭ್ಯಾಸ ಗೊತ್ತಿರುವ ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಇಡೀ ದಿನವನ್ನು ತಿರುಗಿ ನೋಡುತ್ತಾನಂತೆ. ಅಲ್ಲಿ ನನಗೆ ಇಷ್ಟವಾಗುವುದು ಅವನ ದನಿ. ‘ಆ ವಾದದಲ್ಲಿ ಜಾಸ್ತಿ ಜಗಳಗಂಟನ ಹಾಗೆ ಮಾತಾಡಿದೆ. ಅವನಿಗೆ ಬುದ್ಧಿ ಹೇಳಿದ ರೀತಿ ಒರಟಾಯಿತು, ಅವನು ತಿದ್ದಿಕೊಳ್ಳಲಿಲ್ಲ, ನೊಂದುಕೊಂಡ. ಇನ್ನು ಹಾಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ.’ ಇಷ್ಟೇ. ತಲೆ ಚಚ್ಚಿಕೊಳ್ಳುವುದಿಲ್ಲ. ಆತ್ಮವಿಮರ್ಶೆ ಅಂತ ಕೂತು ತಮ್ಮನ್ನೇ ಹರಿದು ತಿನ್ನುವವರು ಈ ಕೊನೆಯ ಮಾತನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕಲಿತಿರುತ್ತಾರೆ.

ಬೆಳಗಿನ ಅಭ್ಯಾಸ ನನಗೆ ಅಷ್ಟಾಗಿ ಒಗ್ಗಿಲ್ಲ. ಆದರೆ ಹೊರಗೆ ಹೊರಡುವ ಮೊದಲು ಎಪಿಕ್ಟೀಟಸ್ ಹೇಳಿದ ಒಂದನ್ನು ಮಾಡುತ್ತೇನೆ. ಸ್ನಾನಗೃಹಕ್ಕೆ ಹೋಗುವಾಗ ಅಲ್ಲಿ ಏನೇನಾಗುತ್ತದೆ ಅಂತ ನೆನಪಿಸಿಕೋ ಅನ್ನುತ್ತಾನೆ. ನೀರು ಎರಚುತ್ತಾರೆ, ತಳ್ಳುತ್ತಾರೆ, ಬೈಯುತ್ತಾರೆ, ಕದಿಯುತ್ತಾರೆ. ನನಗೆ ಸ್ನಾನವೂ ಆಗಬೇಕು, ತಲೆಯೂ ನೆಟ್ಟಗಿರಬೇಕು, ಅಂದುಕೊಂಡು ಹೋಗು. ಸರದಿಯಲ್ಲಿ ನಿಲ್ಲಬೇಕಾದ ದಿನ, ಕಿರಿಕಿರಿ ಮಾಡುವ ಸಹೋದ್ಯೋಗಿಯ ಜೊತೆ ಕೆಲಸ ಇರುವ ದಿನ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಚಿತ್ರ ಸಣ್ಣದಿರಬೇಕು. ಆಗಬಹುದಾದ ಎಲ್ಲ ಕೆಟ್ಟದ್ದನ್ನೂ ಕೂತು ಕಲ್ಪಿಸಿಕೊಳ್ಳಿ ಅಂತ ಈಗ ಕಲಿಸುತ್ತಾರಲ್ಲ, ಮೊದಲೇ ಚಿಂತೆ ಜಾಸ್ತಿ ಇರುವವರಿಗೆ ಅದು ನಿದ್ದೆ ಕೆಡಿಸುವ ಉಪಾಯ.

3000 ದ್ರಾಕ್ಮಾದ ದೀಪ

ಎಪಿಕ್ಟೀಟಸ್‌ನ ಮನೆಯಲ್ಲಿ ಒಂದು ಕಬ್ಬಿಣದ ದೀಪ ಇತ್ತು. ಒಂದು ದಿನ ಕಿಟಕಿ ಹತ್ತಿರ ಸದ್ದಾಯಿತು, ಓಡಿಬಂದು ನೋಡಿದರೆ ದೀಪ ಇಲ್ಲ. ನಾಳೆ ಮಣ್ಣಿನ ದೀಪ ತಂದರಾಯಿತು ಅಂದುಕೊಂಡನಂತೆ. ದೀಪಕ್ಕಾಗಿ ಆ ಕಳ್ಳ ತನ್ನ ಪ್ರಾಮಾಣಿಕತೆಯನ್ನೇ ಮಾರಿಕೊಂಡ, ದುಬಾರಿ ಬೆಲೆ ತೆತ್ತ ಅಂತ ಇನ್ನೊಂದು ಕಡೆ ಹೇಳುತ್ತಾನೆ. ಇದರ ಮುಂದಿನ ಕಥೆಯನ್ನು ಲೂಶಿಯನ್ ಅನ್ನುವ ವ್ಯಂಗ್ಯ ಬರಹಗಾರ ಹೇಳಿದ್ದಾನೆ. ಎಪಿಕ್ಟೀಟಸ್ ಸತ್ತ ಮೇಲೆ ಅವನ ಮಣ್ಣಿನ ದೀಪವನ್ನು ಒಬ್ಬ 3000 ದ್ರಾಕ್ಮಾ (ಆ ಕಾಲದ ಗ್ರೀಕ್ ನಾಣ್ಯ) ಕೊಟ್ಟು ಕೊಂಡುಕೊಂಡನಂತೆ. ರಾತ್ರಿ ಆ ದೀಪದ ಬೆಳಕಲ್ಲಿ ಓದಿದರೆ ಅವನ ವಿವೇಕ ತನಗೂ ಬರುತ್ತದೆ ಅಂತ ಅವನ ಲೆಕ್ಕ! ಮಾರ್ಕಸ್‌ನ ಅಮೃತಶಿಲೆಯ ಮುಖ, ಕೆಳಗೊಂದು ಗಟ್ಟಿ ವಾಕ್ಯ, ತಣ್ಣೀರು ಸ್ನಾನ, ದುಡ್ಡು ಕೊಟ್ಟು ಸೇರುವ ಕೋರ್ಸು, ಇವನ್ನೆಲ್ಲ ಕಂಡಾಗ ನನಗೆ ಆ ಗಿರಾಕಿ ನೆನಪಾಗುತ್ತಾನೆ.

ಆ ಗಟ್ಟಿ ವಾಕ್ಯಗಳನ್ನು ಅರ್ಧಕ್ಕೆ ಕತ್ತರಿಸುವುದು ಇನ್ನೊಂದು ಕಾಟ. ‘ಇವತ್ತು ಮೂಗು ತೂರಿಸುವವರು, ಕೃತಘ್ನರು, ಸೊಕ್ಕಿನವರು ಎದುರಾಗುತ್ತಾರೆ’ ಅಂತ ಮಾರ್ಕಸ್ ಬರೆದದ್ದನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಅವರೂ ನನ್ನ ಬಂಧುಗಳೇ, ಎರಡು ಕೈ, ಎರಡು ಕಾಲು, ಮೇಲಿನ ಹಲ್ಲು ಕೆಳಗಿನ ಹಲ್ಲುಗಳ ಹಾಗೆ ನಾವು ಒಟ್ಟಿಗೆ ಕೆಲಸ ಮಾಡಲು ಹುಟ್ಟಿದವರು ಅಂತ ಅದೇ ಉಸಿರಿನಲ್ಲಿ ಬರೆದದ್ದು ಬಹಳಷ್ಟು ಸಲ ಬಿಟ್ಟುಹೋಗಿರುತ್ತದೆ. ಜನರಿಂದ ದೂರ ಇರುವ ಉಪದೇಶ ಅಲ್ಲ ಅದು. ಅದನ್ನು ಬರೆದುಕೊಂಡವನು ಬೆಳಗಾದರೆ ಅದೇ ಜನರ ಜೊತೆ ಕೂತು ಸಾಮ್ರಾಜ್ಯದ ಕೆಲಸ ನೋಡಬೇಕಿತ್ತು.

ನಾನು ಒಪ್ಪದ ಮಾತು

ಎಪಿಕ್ಟೀಟಸ್‌ನ ಒಂದು ಮಾತು ನನಗೆ ಈವರೆಗೂ ಗಂಟಲಲ್ಲಿ ಇಳಿದಿಲ್ಲ. ಒಂದು ಹೂಜಿ ಇಷ್ಟವಾದರೆ ‘ನಾನು ಇಷ್ಟಪಡುತ್ತಿರುವುದು ಹೂಜಿಯನ್ನು’ ಅಂದುಕೋ, ಒಡೆದರೆ ನೋವಾಗದು. ಇಲ್ಲಿಯವರೆಗೆ ಸರಿ. ಮುಂದೆ, ನಿನ್ನ ಮಗುವಿಗೆ ಮುತ್ತಿಡುವಾಗ ‘ಸಾಯುವ ಮನುಷ್ಯಜೀವಿಗೆ ಮುತ್ತಿಡುತ್ತಿದ್ದೇನೆ’ ಅಂದುಕೋ, ಸತ್ತರೆ ಕಂಗೆಡುವುದಿಲ್ಲ. ಹೂಜಿಯಿಂದ ಮಗುವಿಗೆ ಅಷ್ಟು ಸಲೀಸಾಗಿ ದಾಟುವುದು ನನಗೆ ಆಗದು. ಮಕ್ಕಳು ಸಾಯುವುದು ದಿನನಿತ್ಯದ ಮಾತಾಗಿದ್ದ ಕಾಲ, ಅದಕ್ಕೆ ಹಾಗೆ ಅಂದ ಅಂತ ಸಮರ್ಥಿಸುತ್ತಾರೆ. ಇರಬಹುದು.

ಆದರೆ ಅದೇ ಕಾಲದ ಇತರರು ಹೇಗಿದ್ದರು ಅಂತಲೂ ನೋಡಬೇಕು. ಸೆನೆಕಾ ತನ್ನ ಗೆಳೆಯ ಸೆರೆನಸ್ ತೀರಿಕೊಂಡಾಗ ಮಿತಿಮೀರಿ ಅತ್ತೆ, ದುಃಖಕ್ಕೆ ಸೋತವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ ಅಂತ ಬರೆಯುತ್ತಾನೆ. ಚಿಕ್ಕವನು ನನಗಿಂತ ಮೊದಲು ಹೋಗಬಹುದು ಅಂತ ಯೋಚಿಸಿಯೇ ಇರಲಿಲ್ಲ, ಅದೇ ತಪ್ಪು ಅನ್ನುವುದು ಅವನ ತೀರ್ಮಾನ. ನನಗೆ ಹಾಗೇನೂ ಕಾಣುವುದಿಲ್ಲ. ಎಷ್ಟೇ ಯೋಚಿಸಿಟ್ಟಿದ್ದರೂ ಅಳುತ್ತಿದ್ದ. ಮಾರ್ಕಸ್‌ಗೆ ಕಡಿಮೆ ಅಂದರೂ 13 ಮಕ್ಕಳು, ಹೆಚ್ಚಿನವರು ಅವನ ಕಣ್ಣೆದುರೇ ಹೋದರು. ಎಪಿಕ್ಟೀಟಸ್‌ನ ಅಂಥದೇ ಇನ್ನೊಂದು ಮುತ್ತಿನ ಮಾತನ್ನು ಅವನು ತನ್ನ ಟಿಪ್ಪಣಿಗಳಲ್ಲಿ ನಕಲು ಮಾಡಿಕೊಂಡಿದ್ದಾನೆ. ಅದೇ ಮನುಷ್ಯ ತನ್ನ ಗುರು ಫ್ರಾಂಟೋಗೆ ಬರೆದ ಪತ್ರಗಳೂ ಉಳಿದಿವೆ. ಅವುಗಳಲ್ಲಿ ಮಗಳಿಗೆ ಜ್ವರ ಬಂದದ್ದು, ಪುಟ್ಟ ಮಗನ ಕೆಮ್ಮು ಸ್ವಲ್ಪ ಇಳಿದದ್ದು, ಇಂಥವೇ ಸುದ್ದಿ. ಯಾವ ಅಪ್ಪನೂ ಬರೆಯುವಂಥ ಸುದ್ದಿ. ಟಿಪ್ಪಣಿ ಮತ್ತು ಪತ್ರ ಎರಡನ್ನೂ ಪಕ್ಕಪಕ್ಕ ಇಟ್ಟರೆ ನನಗೆ ಪತ್ರದ ಮಾರ್ಕಸ್ ಮೇಲೇ ನಂಬಿಕೆ ಜಾಸ್ತಿ. ಕೈಪಿಡಿ ಓದುವಾಗ ಈಗಲೂ ಆ ಮುತ್ತಿನ ಸಾಲು ಬಂದರೆ ಹಾರಿಸಿ ಮುಂದಕ್ಕೆ ಹೋಗುತ್ತೇನೆ.